ಮಾವ ಪರೀಕ್ಷಿಸಿದ ಕಿಂಡಿಗಳು

ಆಫೀಸಿನಲ್ಲಿ ಎಲ್ಲರೂ ಅವನನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಆಳು ತೆಳ್ಳಗಿದ್ದ ಎನ್ನುವುದು ಅದಕ್ಕೆ ಅರ್ಧ ಕಾರಣ. ಇನ್ನರ್ಧ, ಏನು ಕೇಳಿದರೂ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಿದ್ದದ್ದು. ಈ ಡೇಟಾಬೇಸ್ ಆಗುತ್ತಾ? ಆಗಲ್ಲ. ಈ ಬಣ್ಣ? ಬೇಡ. ಊಟಕ್ಕೆಲ್ಲಿ ಹೋಗೋಣ? ಎದುರುಗಡೆ. ಉಳಿದವರು ಗಡ್ಡ ಕೆರೆದುಕೊಳ್ಳುತ್ತ ಕೂತಿರುವಾಗಲೇ ಇವನು ತೀರ್ಮಾನ ಮುಗಿಸಿ ಕೆಲಸಕ್ಕೆ ಕೈ ಹಾಕಿರುತ್ತಿದ್ದ. ಇಂಥ ಆಸಾಮಿ ಒಂದು ಬ್ಲಾಗ್ ಎಪಿಐ ಆರಿಸುವುದಕ್ಕೆ ಎರಡು ತಿಂಗಳು ಎಳೆದ ಎಂದರೆ ಅವನನ್ನು ಬಲ್ಲವರು ಈಗಲೂ ನಂಬುವುದಿಲ್ಲ.

ಆಫೀಸು ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಿಟಕಿ ತೆಗೆದರೆ ರಬ್ಬರ್ ವಾಸನೆ, ಮುಚ್ಚಿದರೆ ಸೆಕೆ. ಅಲ್ಲಿ ಸಸಿ ಮಾರುವ ನರ್ಸರಿಗಳಿಗಾಗಿ ಒಂದು ವೆಬ್ ಅಪ್ಲಿಕೇಶನ್ ಮಾಡುತ್ತಿದ್ದರು. ಯಾವ ಗಿಡ ಎಷ್ಟಿದೆ, ಯಾರಿಗೆ ಯಾವಾಗ ಕಳಿಸಬೇಕು, ಎಲ್ಲ ಅದರಲ್ಲಿ. ಈಗ ನರ್ಸರಿಯವರು ಇನ್ನೊಂದು ಕೇಳಿದ್ದರು. ಗುಲಾಬಿಗೆ ಹುಳ ಬಿದ್ದರೆ ಏನು ಮಾಡಬೇಕು ಎಂದು ಗಿರಾಕಿಗಳು ದಿನವೂ ತಲೆ ತಿನ್ನುತ್ತಾರಂತೆ. ಅದನ್ನು ಒಂದು ಸಲ ಬರೆದು ಹಾಕಿದರೆ ಬ್ಲಾಗಿನಲ್ಲಿ ಬರಬೇಕು, ಬರೆಯುವುದಕ್ಕೆ ಬೇರೆ ಕಡೆ ಹೋಗುವಂತಿರಬಾರದು. ಆಫೀಸಿನ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವರು ಈ ಕೆಲಸವನ್ನು ಕಡ್ಡಿಗೆ ಒಪ್ಪಿಸಿದರು.

ಎಪಿಐ ಎಂದ ಕೂಡಲೇ ಗಾಬರಿಯಾಗಬೇಕಿಲ್ಲ. ಹೋಟೆಲಿನಲ್ಲಿ ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇರುತ್ತದಲ್ಲ, ಅಂಥದ್ದು. ಈ ಕಡೆಯಿಂದ ಚೀಟಿ ಹೋಗುತ್ತದೆ, ಆ ಕಡೆಯಿಂದ ತಟ್ಟೆ ಬರುತ್ತದೆ. ಒಳಗೆ ಯಾರು ಬೇಯಿಸುತ್ತಾರೆ ಎಂಬುದು ನಮಗೆ ಬೇಡದ ವಿಚಾರ. ನರ್ಸರಿಯವರು ಬರೆದದ್ದನ್ನು ಇಲ್ಲಿಂದ ತಳ್ಳಿದರೆ ಆ ಕಡೆಯ ಬ್ಲಾಗ್ ಸೇವೆ ಅದನ್ನು ಎತ್ತಿಕೊಂಡು ಲೋಕಕ್ಕೆ ತೋರಿಸಬೇಕು. ಇಂಥ ಸೇವೆಗಳು ಬೇಕಾದಷ್ಟಿವೆ, ಒಂದೊಂದರ ನಡತೆ ಒಂದೊಂದು ಥರ. ಕಡ್ಡಿ ಅರ್ಧ ದಿನದಲ್ಲಿ ಮೂರನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಆಚೆ ಹಾಕಿದ. ಎಲ್ಲರೂ ಬಳಸುವ ದೊಡ್ಡ ಸೇವೆಗೆ ದೊಡ್ಡಣ್ಣ ಎಂದು ಹೆಸರಿಟ್ಟ. ಮೊನ್ನೆ ಮೊನ್ನೆ ಶುರುವಾದ, ನೋಡಲು ಲಕ್ಷಣವಾದ ಇನ್ನೊಂದಕ್ಕೆ ಹೊಸಬ ಎಂದ. ತಮ್ಮದೇ ಸರ್ವರಿನಲ್ಲಿ ತಾವೇ ಕೂರಿಸಿಕೊಳ್ಳಬಹುದಾದದ್ದು ಮೂರನೆಯದು, ಅದಕ್ಕೆ ಮನೆಯೂಟ ಎಂದ.

ಅಷ್ಟಕ್ಕೇ ಆರಿಸಿಯೂ ಬಿಡುತ್ತಿದ್ದನೇನೋ. ಆದರೆ ಮೇಡಂ ಅವರದ್ದೊಂದು ಹಟವಿತ್ತು. ಯಾವುದನ್ನೇ ಆರಿಸುವ ಮೊದಲು, ಅದರ ಗಂಧಗಾಳಿಯೂ ಇಲ್ಲದ ಒಬ್ಬರು ಅದನ್ನು ಕೆಲವು ದಿನ ಬಳಸಿ ನೋಡಬೇಕು.

"ನಾವೇ ಬೇಯಿಸಿ ನಾವೇ ರುಚಿಯಾಗಿದೆ ಅಂದ್ರೆ ಆಯ್ತಾ?" ಎನ್ನುತ್ತಿದ್ದರು. ಸಾಮಾನ್ಯವಾಗಿ ಕೆಳಗಿನ ಟೈರ್ ಅಂಗಡಿಯ ಲೆಕ್ಕದವರನ್ನು ಹಿಡಿದು ತರುತ್ತಿದ್ದರು. ಈ ಸಲ ಆ ಲೆಕ್ಕದವರು ಮೆಟ್ಟಿಲಲ್ಲಿ ಕಡ್ಡಿಯ ತಲೆ ಕಂಡದ್ದೇ ತಡ, ಟೈರುಗಳ ಹಿಂದೆ ಮಾಯವಾದರು.

ಕಡ್ಡಿಯ ಮನೆಯಲ್ಲಿ ಇದ್ದದ್ದು ಇಬ್ಬರೇ, ಅವನು ಮತ್ತು ಅವನಿಗೆ ಹೆಣ್ಣು ಕೊಟ್ಟ ಮಾವ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಅವಳು ಹಾಸಿಗೆ ಹಿಡಿದಾಗ ನೋಡಿಕೊಳ್ಳಲೆಂದು ಬಂದ ಅಪ್ಪ, ಎಲ್ಲ ಮುಗಿದ ಮೇಲೂ ಅಲ್ಲೇ ಉಳಿದಿದ್ದರು. ಹೊರಡಿ ಎಂದು ಇವನು ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ಗಂಡಸರು ಇಬ್ಬರೇ ಇರುವ ಮನೆಯಲ್ಲಿ ಇಂಥ ಮಾತು ಎತ್ತುವವರು ಯಾರು ಹೇಳಿ.

ಮಾವ ಜೀವಮಾನವಿಡೀ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಯಾವ ಕಟ್ಟಡಕ್ಕೆ ಹೋದರೂ ಮೊದಲು ಲಿಫ್ಟಿನ ಸದ್ದಿಗೆ ಕಿವಿ ಕೊಡುತ್ತಿದ್ದರು, ಆಮೇಲೆ ಮನುಷ್ಯರ ಮಾತಿಗೆ. ಮಗಳ ಮನೆಯ ಕೀಲುಗಳಿಗೆಲ್ಲ ಎಣ್ಣೆ ಹಾಕಿದ್ದರು. ತರಕಾರಿ ಹೆಚ್ಚಿದರೆ ಎಲ್ಲ ಹೋಳೂ ಒಂದೇ ಅಳತೆ. ಮನೆ ಚೊಕ್ಕಟವಾಗಿತ್ತು, ಹೊತ್ತಿಗೆ ಸರಿಯಾಗಿ ಊಟ ಆಗುತ್ತಿತ್ತು. ಆದರೆ ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡಂತೆ ಮರ್ಯಾದೆ ಮಾಡುತ್ತಿದ್ದರು. ಕೊನೆಯ ಬ್ರೆಡ್ ತುಂಡನ್ನು ಮಾವ ಅಳಿಯನಿಗೆಂದು ಬಿಡುವರು, ಅಳಿಯ ಮಾವನಿಗೆಂದು ಬಿಡುವನು. ಅದು ಡಬ್ಬಿಯಲ್ಲೇ ಒಣಗಿ ಹಕ್ಕಿಗಳ ಪಾಲಾಗುತ್ತಿತ್ತು.

ಒಂದು ಸಂಜೆ ಊಟದ ನಡುವೆ ಮಾವ ತಟ್ಟೆ ನೋಡುತ್ತಲೇ ಹೇಳಿದರು, "ತಮ್ಮ ಫೋನ್ ಮಾಡಿದ್ದ. ಅವನ ಮನೇಲಿ ಕೆಳಗಿನ ರೂಮು ಖಾಲಿ ಆಗಿದೆಯಂತೆ. ಬಂದುಬಿಡು ಅಂತಿದಾನೆ."

ಕಡ್ಡಿಯ ತುತ್ತು ಬಾಯಲ್ಲೇ ನಿಂತಿತು.

"ನನಗೂ ಇಲ್ಲಿ ಏನು ಕೆಲಸ ಹೇಳು? ನಿನಗೂ ಕಟ್ಟಿಹಾಕಿದ ಹಾಗೆ."

ಬೇಡ ಎನ್ನಬೇಕಿತ್ತು. ಎರಡಕ್ಷರ. ದಿನಕ್ಕೆ ಹತ್ತಾರು ಸಲ ಆಫೀಸಿನಲ್ಲಿ ಅನ್ನುವ ಅದೇ ಮಾತು. ಅವಳು ಹೋದ ಮೇಲೆ ಈ ಮನೆಯೊಳಗೆ ಬರುವಾಗ ದೀಪ ಹಚ್ಚಿರುವುದೇ ಇವರಿಂದ, ಇವರೂ ಹೋದರೆ ತಾನು ಬಾಗಿಲು ತೆಗೆದು ಕತ್ತಲೆಗೆ ಕಾಲಿಡಬೇಕು. ಅಷ್ಟೆಲ್ಲ ಒಳಗಿದ್ದೂ ಬಾಯಿಗೆ ಬಂದದ್ದು ಬೇರೆಯೇ.

"ಕೆಲಸ ಒಂದಿದೆ ಮಾವ. ಆಫೀಸಿಂದು. ನೀವು ಮಾಡಿಕೊಟ್ರೆ ದೊಡ್ಡ ಉಪಕಾರ."

ಅವನು ಕಿಂಡಿಯ ವಿಚಾರ ವಿವರಿಸಿದ. ಮಾವ ಗಮನವಿಟ್ಟು ಕೇಳಿದರು. ನರ್ಸರಿಯವರೂ ತಮ್ಮ ವಯಸ್ಸಿನವರೇ, ಮಣ್ಣಿನ ಕೈಯಲ್ಲಿ ಫೋನ್ ಹಿಡಿಯುವವರು ಎಂದಾಗ ತಲೆಯಾಡಿಸಿದರು.

"ಎಷ್ಟು ದಿನದ ಕೆಲಸ?"

"ಆರಿಸೋವರೆಗೆ."

"ಸರಿ. ತಮ್ಮನಿಗೆ ಹೇಳ್ತೀನಿ. ನಿನ್ನ ಕಿಂಡಿ ಗೊತ್ತಾಗಲಿ, ಆಮೇಲೆ ಹೊರಡ್ತೀನಿ."

ಹೀಗೆ ಮಾವನ ಪ್ರಯಾಣ ಒಂದು ಎಪಿಐಗೆ ಕಟ್ಟುಬಿತ್ತು. ತಾನೇ ಗಂಟು ಹಾಕಿದ್ದು ಎಂದು ಕಡ್ಡಿಗೆ ಹೊಳೆದದ್ದು ಕೈ ತೊಳೆಯುವಾಗ.

ಮೊದಲು ದೊಡ್ಡಣ್ಣನ ಸರದಿ. ಕಡ್ಡಿ ಊಟದ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟು, ಅಪ್ಲಿಕೇಶನ್ನಿನ ಬರೆಯುವ ಪುಟ ತೆರೆದುಕೊಟ್ಟ. "ಏನು ಬರೀಲಿ?" ಎಂದರು ಮಾವ. ಏನಾದರೂ ಎಂದ ಇವನು. ಮಾವ ಕನ್ನಡಕ ಒರೆಸಿ, ತೋಳು ಮಡಿಸಿ, ಒಂದೇ ಬೆರಳಲ್ಲಿ ಕುಟ್ಟತೊಡಗಿದರು. ಮೊದಲ ದಿನ "ಇವತ್ತು ಬಿಸಿಲು" ಎಂದಷ್ಟೇ ಬರೆದರು. ಮಾರನೆಯ ದಿನ "ಇವತ್ತೂ ಬಿಸಿಲು". ಆಮೇಲೆ ತಮಗೆ ಗೊತ್ತಿದ್ದುದಕ್ಕೆ ಕೈ ಹಾಕಿದರು, ಲಿಫ್ಟಿನ ವಿಚಾರಕ್ಕೆ.

ದೊಡ್ಡಣ್ಣನದ್ದು ದುಡುಕು ಸ್ವಭಾವ. ಕರಡು ಎಂದು ಬೇರೆಯಾಗಿ ಹೇಳದಿದ್ದರೆ ಕೈಗೆ ಸಿಕ್ಕಿದ್ದನ್ನು ಆ ಕ್ಷಣವೇ ಪ್ರಕಟಿಸಿಬಿಡುತ್ತಿತ್ತು. ಮಾವ ಒಂದು ವಾಕ್ಯ ಅರ್ಧ ಬರೆದು, ಉಳಿಸು ಎಂಬುದನ್ನು ಒತ್ತಿ, ಒಲೆ ಮೇಲಿನ ಹಾಲು ನೋಡಲು ಎದ್ದರು. ವಾಪಸು ಬರುವಷ್ಟರಲ್ಲಿ ಅದು ಲೋಕದ ಪಾಲಾಗಿತ್ತು. "ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಮೊಟ್ಟಮೊದಲು ಹೇಳಬೇಕಾದದ್ದು" ಎಂಬಲ್ಲಿಗೆ ನಿಂತಿತ್ತು. ಕೆಳಗೆ ಯಾರೋ ಪುಣ್ಯಾತ್ಮ, ಏನು ಹೇಳಬೇಕು ಸ್ವಾಮಿ, ಬೇಗ ಹೇಳಿ ಎಂದು ಬರೆದಿದ್ದ.

ಕಡ್ಡಿಗೆ ನಗು ತಡೆಯಲಾಗಲಿಲ್ಲ. ವರ್ಷದಿಂದ ಆ ಮನೆಯಲ್ಲಿ ಅಷ್ಟು ಜೋರಾದ ನಗು ಕೇಳಿರಲಿಲ್ಲ. ಮಾವ ಮೊದಲು ಕಣ್ಣು ಬಿಟ್ಟರು, ಆಮೇಲೆ ತಾವೂ ನಕ್ಕರು.

"ಏನು ಹೇಳಬೇಕು ಮಾವ, ನಿಜವಾಗ್ಲೂ?"

"ಬಂದೆ ಅಂತ. ನಾವಿನ್ನೂ ದಾರೀಲಿದ್ರೂ ಫೋನಲ್ಲಿ ಬಂದೆ ಅನ್ನಬೇಕು. ಅಷ್ಟು ಕೇಳಿದ್ರೆ ಅವರು ಉಸಿರು ಬಿಡ್ತಾರೆ."

ಕಡ್ಡಿ ಆಫೀಸಿಗೆ ಹೋಗಿ, ದೊಡ್ಡಣ್ಣನಿಗೆ ಕರಡು ಬರಹಕ್ಕೂ ಪ್ರಕಟಣೆಗೂ ವ್ಯತ್ಯಾಸ ಗೊತ್ತಿಲ್ಲ, ನಮ್ಮ ಜನಕ್ಕೆ ಆಗಿಬರಲ್ಲ ಎಂದ. ಅದು ನಿಜವೂ ಆಗಿತ್ತು.

ಹೊಸಬನ ಸರದಿಯಲ್ಲಿ ಬೇರೆಯೇ ಆಯಿತು. ಚಿತ್ರ ಸೇರಿಸುವುದನ್ನೂ ನೋಡಿ ಎಂದು ಕಡ್ಡಿ ಹೇಳಿದ್ದ. ಮಾವ ತಮ್ಮ ಪೆಟ್ಟಿಗೆಯಿಂದ ಒಂದು ಹಳೆಯ ಫೋಟೋ ತೆಗೆದು, ಫೋನಿನಲ್ಲಿ ಅದರ ಚಿತ್ರ ಹಿಡಿದು, ಕಿಂಡಿಯಲ್ಲಿ ತಳ್ಳಿದರು. ಫೋನನ್ನು ಹೇಗೆ ಹಿಡಿದಿದ್ದೇವೆ ಎಂಬುದು ಹೊಸಬನಿಗೆ ತಿಳಿಯುತ್ತಿರಲಿಲ್ಲ, ಚಿತ್ರ ಅಡ್ಡಡ್ಡ ಬಿತ್ತು. ಕಡ್ಡಿ ಸಂಜೆ ಬಂದಾಗ ಮಾವ ಕತ್ತು ಓರೆ ಮಾಡಿಕೊಂಡು ಪರದೆ ನೋಡುತ್ತ ಕೂತಿದ್ದರು.

"ಇಲ್ಲಿ ನೋಡಪ್ಪ. ಕೂತ್ಕೊಂಡಿದ್ದವಳನ್ನ ಮಲಗಿಸಿಬಿಟ್ಟಿದೆ."

ಪರದೆಯ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಅಡ್ಡವಾಗಿದ್ದಳು. ಅಪ್ಪನ ಸಲಕರಣೆ ಪೆಟ್ಟಿಗೆಯ ಮೇಲೆ ಕೂತು, ತನ್ನ ತೋಳಿನಷ್ಟು ಉದ್ದದ ಸ್ಪ್ಯಾನರ್ ಹಿಡಿದು, ಕ್ಯಾಮೆರಾ ಹಿಡಿದವರನ್ನು ಗದರಿಸುವಂತೆ ನೋಡುತ್ತಿದ್ದಳು. ಆ ನೋಟ ಕಡ್ಡಿಗೆ ಚೆನ್ನಾಗಿ ಗೊತ್ತಿತ್ತು. ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿದಾಗ ಅವನಿಗೂ ಅದೇ ಸಿಗುತ್ತಿತ್ತು. ಆದರೆ ಫೋಟೋವನ್ನು ಅವನು ನೋಡಿರಲಿಲ್ಲ. ಅವನು ಮಾವನ ಪಕ್ಕ ಕುರ್ಚಿ ಎಳೆದುಕೊಂಡು ಕೂತ, ತಾನೂ ಕತ್ತು ಓರೆ ಮಾಡಿದ. ಸರಿಪಡಿಸುವುದು ಎರಡು ನಿಮಿಷದ ಕೆಲಸ, ಆದರೂ ಇಬ್ಬರೂ ಬಹಳ ಹೊತ್ತು ಹಾಗೇ ನೋಡಿದರು. ಆಮೇಲೆ ಕಡ್ಡಿ ಚಿತ್ರವನ್ನು ತಿರುಗಿಸಿ ನೆಟ್ಟಗೆ ಕೂರಿಸಿದ.

"ಆ ಸ್ಪ್ಯಾನರ್ ಕೊಡೋದೇ ಇಲ್ಲ ಅಂತ ಅವತ್ತು ಹಟ ಹಿಡಿದಿದ್ಲು" ಎಂದರು ಮಾವ. ಅವಳ ವಿಚಾರವಾಗಿ ಅವರಿಬ್ಬರ ನಡುವೆ ಎಷ್ಟೋ ತಿಂಗಳ ಮೇಲೆ ಬಂದ ಮಾತು ಅದು. ಅವತ್ತು ಊಟ ತಡವಾಯಿತು, ಮಾತು ಮುಗಿಯದ್ದಕ್ಕೆ.

ಮೂರನೆಯದು ಮನೆಯೂಟ. ಕರಡು ಕರಡಾಗಿಯೇ ಉಳಿಯಿತು, ಚಿತ್ರ ನೆಟ್ಟಗೆ ಕೂತಿತು, ನಡುವೆ ನೆಟ್‌ವರ್ಕ್ ಹೋದರೂ ಬರೆದದ್ದು ಹೋಗಲಿಲ್ಲ. ಹುಡುಕುತ್ತಿದ್ದದ್ದು ಇದೇ ಎಂದು ಕಡ್ಡಿಗೆ ಎರಡನೆಯ ದಿನವೇ ಖಾತ್ರಿಯಾಯಿತು. ಖಾತ್ರಿಯಾದ ಕೂಡಲೇ, ಆಮೇಲೆ ಹೊರಡ್ತೀನಿ ಎಂಬ ಮಾವನ ಮಾತು ನೆನಪಾಯಿತು. ಆಫೀಸಿಗೆ ಹೋದವನು, ನಾಲ್ಕನೆಯದೊಂದನ್ನೂ ನೋಡುವುದು ಒಳ್ಳೆಯದು ಎಂದುಬಿಟ್ಟ. ನಾಲ್ಕನೆಯದು ಬಂತು, ಹೋಯಿತು. ಐದನೆಯದನ್ನು ಹುಡುಕಿ ತಂದ. ಪರದೆಗಳ ವಿನ್ಯಾಸ ಮಾಡುವ ಹುಡುಗಿ ಪಕ್ಕದ ಮೇಜಿನಿಂದ ತಲೆಯೆತ್ತಿ ನೋಡಿದಳು.

"ಹೆಣ್ಣು ಕೊಡೋರೂ ಇಷ್ಟು ವಿಚಾರಿಸಲ್ಲ ಕಣ್ರೀ ಕಡ್ಡಿ. ಮೈ ಹುಷಾರಾಗಿದೆ ತಾನೆ?"

ಅದೃಷ್ಟಕ್ಕೆ ಮಾವನಿಂದಲೂ ದೂರುಗಳು ಬರತೊಡಗಿದ್ದವು. ಐದನೆಯದರಲ್ಲಿ ಅಕ್ಷರ ಸಣ್ಣದಂತೆ. ನಾಲ್ಕನೆಯದು ಯಾಕೋ ಮುಖ ಸಿಂಡರಿಸಿಕೊಂಡಂತಿದೆಯಂತೆ. ಚೆನ್ನಾಗಿಯೇ ಇದ್ದ ಮನೆಯೂಟಕ್ಕೂ ಈಗ ರೋಗ ಹತ್ತಿತ್ತು. ಬರೆದದ್ದು ಪ್ರಕಟವಾಗುತ್ತದೆ, ತಿರುಗಿ ನೋಡುವಷ್ಟರಲ್ಲಿ ಮಾಯವಾಗುತ್ತದೆ ಎಂದರು. ಇದು ಮಾತ್ರ ಕಡ್ಡಿಯನ್ನು ನಿಜವಾಗಿಯೂ ಕಾಡಿತು. ಉಳಿದದ್ದೆಲ್ಲ ನೆಪ, ಆದರೆ ಬರೆದದ್ದೇ ಕಳೆದುಹೋಗುವುದೆಂದರೆ ನರ್ಸರಿಯವರ ಗತಿ ಏನು? ಕೋಡನ್ನೆಲ್ಲ ಜಾಲಾಡಿದ, ಏನೂ ಸಿಗಲಿಲ್ಲ.

ಒಂದು ಮಧ್ಯಾಹ್ನ, ಅದನ್ನೇ ಕಣ್ಣಾರೆ ನೋಡೋಣವೆಂದು ಬೇಗ ಮನೆಗೆ ಬಂದ. ಎಣ್ಣೆ ಹಾಕಿದ ಬಾಗಿಲು, ಸದ್ದಾಗಲಿಲ್ಲ. ಮಾವ ಬೆನ್ನು ಮಾಡಿ ಕೂತಿದ್ದರು. ಹಳೆಯ ಲಿಫ್ಟುಗಳ ಬಾಗಿಲ ಬಗ್ಗೆ ಉದ್ದವಾಗಿ ಏನೋ ಬರೆದಿದ್ದರು. ಪ್ರಕಟಿಸು ಒತ್ತಿದರು. ಹಸಿರು ಪಟ್ಟಿ ಬಂತು, ಬರಹ ಬ್ಲಾಗಿನಲ್ಲಿ ಮೂಡಿತು. ಅವರು ಅದನ್ನು ಮೊದಲಿಂದ ಕೊನೆಯವರೆಗೆ ತಮಗೆ ತಾವೇ ಗಟ್ಟಿಯಾಗಿ ಓದಿಕೊಂಡರು, ತೃಪ್ತಿಯಿಂದ ತಲೆದೂಗಿದರು. ಆಮೇಲೆ ಬೆರಳು ನಿಧಾನವಾಗಿ ಅಳಿಸು ಎಂಬಲ್ಲಿಗೆ ಹೋಯಿತು. ಖಂಡಿತವಾಗಿ ಅಳಿಸಬೇಕೇ ಎಂದು ಅದು ಕೇಳಿತು. ಮಾವ ಒಂದು ನಿಟ್ಟುಸಿರು ಬಿಟ್ಟು ಹೌದು ಒತ್ತಿದರು.

ಕಡ್ಡಿ ಹಿಂದೆ ಸರಿದು, ಬಾಗಿಲಾಚೆ ಹೋಗಿ, ಚಪ್ಪಲಿ ಸದ್ದು ಮಾಡಿಕೊಂಡು ಮತ್ತೆ ಬಂದ.

"ನೋಡಪ್ಪ, ಇವತ್ತೂ ಹೋಯ್ತು" ಎಂದರು ಮಾವ, ಮುಖ ಗಂಭೀರವಾಗಿಟ್ಟುಕೊಂಡು.

"ಹೌದಾ ಮಾವ. ಇದು ದೊಡ್ಡ ತೊಂದರೇನೇ. ನೋಡಬೇಕು" ಎಂದ ಅಳಿಯ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದ, ಇನ್ನೊಮ್ಮೆ ತೊಳೆದ. ಕಣ್ಣು ಕೆಂಪಾದದ್ದು ಸೋಪಿನಿಂದ ಎಂದು ಹೇಳಲು ಸಿದ್ಧನಾಗಿಯೇ ಹೊರಗೆ ಬಂದ. ಅಷ್ಟು ಹೊತ್ತಿಗೆ ಮಾವ ಅವನಿಗೆ ಚಹಾ ಇಟ್ಟಿದ್ದರು.

ಈ ಆಟ ಇನ್ನೂ ನಡೆಯುತ್ತಿತ್ತೋ ಏನೋ. ಆದರೆ ವಾರದ ಮೇಲೆ ಮೇಡಂ ಅವನ ಮೇಜಿನ ಮುಂದೆ ಬಂದು ನಿಂತರು.

"ನಾಳಿದ್ದು ನರ್ಸರಿಯವರು ಬರ್ತಿದಾರೆ. ಇವತ್ತು ನೀನು ಹೇಳದೆ ಇದ್ರೆ ನಾನು ದೊಡ್ಡಣ್ಣನ್ನೇ ಹಾಕ್ತೀನಿ. ಏನಂತೀಯ?"

ದೊಡ್ಡಣ್ಣನನ್ನು ಹಾಕಿದರೆ ಮಣ್ಣಿನ ಕೈಯ ಆ ಹಿರಿಯರ ಅರ್ಧರ್ಧ ಮಾತುಗಳೆಲ್ಲ ಬೀದಿಗೆ ಬೀಳುತ್ತವೆ. ಅದು ಅವನಿಗೆ ಗೊತ್ತಿತ್ತು.

"ಮೂರನೇದು" ಎಂದ ಕಡ್ಡಿ. "ಮನೆಯೂಟ."

"ಅದರಲ್ಲಿ ಬರೆದದ್ದು ಮಾಯ ಆಗುತ್ತೆ ಅಂದಿದ್ಯಲ್ಲ?"

"ಆಗಲ್ಲ ಮೇಡಂ. ಗೊತ್ತಾಯ್ತು ಯಾಕೆ ಅಂತ."

ಯಾಕೆ ಎಂದು ಅವರು ಕೇಳಲಿಲ್ಲ, ಅಷ್ಟು ಪುಣ್ಯ.

ಮನೆಗೆ ಹೋಗುವಾಗ ಅವನು ಎರಡು ನಿಲ್ದಾಣ ಮೊದಲೇ ಬಸ್ಸಿಳಿದು ನಡೆದ. ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡ. ಬಾಗಿಲು ತೆಗೆದು ದೀಪ ಕಂಡದ್ದೇ ಎಲ್ಲ ಮರೆತುಹೋಯಿತು. ಮಾವ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದರು.

"ಆರಿಸಾಯ್ತು ಮಾವ."

ಮಾವನ ಕೈ ನಿಂತಿತು. "ಯಾವುದು?"

"ಮೂರನೇದು."

"ಅದು ಸರಿ ಇಲ್ವಲ್ಲಪ್ಪ. ಬರೆದದ್ದೆಲ್ಲ..."

"ನೀವು ಅಳಿಸೋದನ್ನ ನಾನು ನೋಡಿದೆ ಮಾವ."

ಮಾವ ತಲೆಯೆತ್ತಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಯಿತು. ಆಲೂಗಡ್ಡೆ ನೋಡುತ್ತಲೇ ಕೇಳಿದರು, "ಯಾವಾಗ?"

"ಹೋದ ವಾರ."

"ನೋಡಿಯೂ ಸುಮ್ನಿದ್ದೆ?"

"ನಾನೇನು ಕಮ್ಮಿ? ಮೂರನೇದೇ ಸರಿ ಅಂತ ಗೊತ್ತಿದ್ದೂ ಐದನೇದು ತಂದವನು ನಾನು."

ಮಾವ ಈಗ ಅವನನ್ನು ನೋಡಿದರು. ನಗುತ್ತಾರೆ ಎಂದುಕೊಂಡ. ಅವರು ನಗಲಿಲ್ಲ. ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡರು.

"ಇರಲಿ. ಕೆಲಸ ಅಂತೂ ಮುಗೀತು. ನೋಡು, ನೀನಿನ್ನೂ ಚಿಕ್ಕವನು. ನಾಳೆ ಈ ಮನೆಗೆ ಇನ್ನೊಬ್ಬಳು ಬರಬಹುದು, ಬರಬೇಕು ಕೂಡ. ಅವಳು ಬಂದು ಈ ಮುದುಕ ಯಾರು ಅಂದ್ರೆ ಏನು ಹೇಳ್ತೀಯ? ನನ್ನ ಮಗಳಿದ್ದಾಗ ಬೇರೆ ಮಾತು. ಅವಳೇ ಇಲ್ಲ ಅಂದ ಮೇಲೆ ನಾನು ನಿನಗೇನಾಗಬೇಕು?"

"ಮಾವ ಆಗಬೇಕು" ಎಂದ ಕಡ್ಡಿ.

ಎಷ್ಟು ಬೇಗ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಒಂದು ಸಲ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬಂತು.

"ಯಾರಾದ್ರೂ ಬಂದ್ರೆ ಬರೋ ಮುಂಚೇನೇ ಹೇಳ್ತೀನಿ, ಮನೇಲಿ ಮಾವ ಇದಾರೆ ಅಂತ. ಒಪ್ಪೋಳು ಒಪ್ತಾಳೆ. ನೀವು ಹೋಗಬೇಡಿ. ಆಫೀಸಿನ ಕೆಲಸ ಏನೂ ಉಳಿದಿಲ್ಲ, ಇನ್ನೊಂದು ಹುಡುಕಿ ತಂದು ಕೊಡೋದೂ ಇಲ್ಲ. ಕೆಲಸ ಇಲ್ದೇನೇ ಇರಿ. ಸಂಜೆ ಬಂದಾಗ ನೀವಿಲ್ದಿದ್ರೆ ನನ್ನ ಕೈಲಿ ಆಗಲ್ಲ ಮಾವ."

ಮಾವ ಚಾಕು ಎತ್ತಿಕೊಂಡು ಉಳಿದ ಆಲೂಗಡ್ಡೆಯನ್ನು ಸುಲಿದರು, ಹೆಚ್ಚಿದರು. ಹೋಳುಗಳು ಒಂದು ದೊಡ್ಡದು ಒಂದು ಚಿಕ್ಕದು ಆದವು. ಅಡುಗೆಯಾಯಿತು, ಊಟವೂ ಆಯಿತು, ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ತಮ್ಮ ತಟ್ಟೆ ತೊಳೆದಿಟ್ಟು ಮಾವ ಕೋಣೆಗೆ ಹೋದರು. ಪೆಟ್ಟಿಗೆ ಎಳೆಯುವ ಸದ್ದು ಬರುತ್ತದೇನೋ ಎಂದು ಇವನು ನಲ್ಲಿ ನಿಲ್ಲಿಸಿ, ಕಿವಿಗೊಟ್ಟು ನಿಂತ.

ಬಂದದ್ದು ಫೋನಿನಲ್ಲಿ ಮಾತಾಡುವ ಸದ್ದು. ಮಾವ ತಮ್ಮನಿಗೆ ಫೋನ್ ಮಾಡಿದ್ದರು.

"ಹಲೋ, ಊಟ ಆಯ್ತೇನೋ?... ನಮ್ದೂ ಆಯ್ತು. ಆ ರೂಮು ಯಾರಿಗಾದ್ರೂ ಕೊಟ್ಟುಬಿಡಪ್ಪ, ನಾನು ಬರೋದಿಲ್ಲ... ಇಲ್ವೋ, ಮೈಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ... ಬರಬೇಕು ಅಂತಾನೇ ಇದ್ದೆ. ಏನು ಮಾಡ್ಲಿ, ಅಳಿಯ ಬಿಡ್ತಾ ಇಲ್ಲ."

ಆ ಕಡೆಯವರಿಗೆ ಅದು ಚೆನ್ನಾಗಿಯೇ ಕೇಳಿಸಿರಬೇಕು. ಆದರೂ ಮಾವ, ಅಡುಗೆಮನೆಯವರೆಗೂ ಮುಟ್ಟುವಷ್ಟು ಗಟ್ಟಿಯಾಗಿ, ಇನ್ನೊಂದು ಸಲ ಹೇಳಿದರು.

"ಅಳಿಯ ಬಿಡ್ತಾ ಇಲ್ಲ ಕಣೋ."